ಇಬ್ಬರಲ್ಲಿ ಒಬ್ಬರು

ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಹುಣಸೆ ಬೀಜಗಳು ಉರುಳುವ ಸದ್ದು. ಗಲಗಲ ಎಂದು ಶುರುವಾಗಿ, ಡಬ್ಬ ನಿಂತ ಮೇಲೂ ಒಂದೆರಡು ಬೀಜ ತಳದಲ್ಲಿ ಟಕ್ ಟಕ್ ಎಂದು ಹೊರಳಿ, ಆಮೇಲೆ ಸುಮ್ಮನಾಗುತ್ತಿದ್ದವು. ಅಕ್ಕ ಅಷ್ಟು ಹೊತ್ತೂ ತಲೆ ವಾಲಿಸಿ ಕೇಳುತ್ತಿದ್ದಳು. ಕೊನೆಯ ಬೀಜ ಸುಮ್ಮನಾಗುವವರೆಗೆ ಯಾರೂ ಕೈ ಹಾಕುವಂತಿರಲಿಲ್ಲ.

ನನ್ನ ಅಕ್ಕ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತಿದ್ದಳು. ಆ ಡಬ್ಬವೇ ಅವಳ ಲ್ಯಾಬೊರೇಟರಿ. ಒಂದಷ್ಟು ಬೀಜಗಳನ್ನು ಒಗೆಯುವ ಕಲ್ಲಿನ ಮೇಲೆ ತಿಕ್ಕಿ ಬೆಳ್ಳಗೆ ಮಾಡಿ, ಕಪ್ಪು ಬೀಜಗಳ ಜೊತೆ ಬೆರೆಸಿಟ್ಟು, ಕ್ಲಾಸಿನ ಹುಡುಗಿಯರಿಂದ ಕಣ್ಣು ಮುಚ್ಚಿ ಎತ್ತಿಸುತ್ತಿದ್ದಳು. ತಿಕ್ಕಿದ ಬೀಜ ಮುಟ್ಟಿದರೆ ಒರಟು, ಬೆರಳಿಗೆ ಗೊತ್ತಾಗಿಬಿಡುತ್ತದೆ ಎಂದು ಒಬ್ಬ ಹುಡುಗಿ ಹೇಳಿದ್ದಕ್ಕೆ, ಮರುದಿನವೇ ವಾರ್ನಿಷ್ ತಂದು ಎಲ್ಲಕ್ಕೂ ಹಚ್ಚಿ, ಟೆರೇಸಿನ ಮೇಲೆ ಪೇಪರ್ ಹಾಸಿ ಒಣಗಿಸಿದಳು. ಆ ವಾರವೆಲ್ಲ ಮನೆ ಹೊಸ ಕುರ್ಚಿಯ ಹಾಗೆ ನಾರುತ್ತಿತ್ತು. ಆ ಹುಡುಗಿಯನ್ನು ಮಾತ್ರ ಅಕ್ಕ ಬಹಳ ವರ್ಷ ಹೊಗಳುತ್ತಿದ್ದಳು. ಕೈ ಹಾಕುವವನ ಇಷ್ಟ ಬೀಜಕ್ಕೆ ತಾಗಬಾರದು, ಅದೇ ರ‍್ಯಾಂಡಮ್ ಅಂದರೆ, ಅನ್ನುತ್ತಿದ್ದಳು.

‘ಅನ್ನಕ್ಕೆ ಒಂದು ಅಗುಳು ಹಿಸುಕಿ ನೋಡಿದರೆ ಸಾಕು’ ಎಂಬ ಮಾತು ಅವಳ ಮುಂದೆ ಆಡುವಂತಿರಲಿಲ್ಲ. ಪಾತ್ರೆ ಕಲಸಿದ್ದೀಯಾ ಎಂದು ಕೇಳುತ್ತಿದ್ದಳು. ಮೇಲಿನ ಅಗುಳು ಬೆಂದಿದೆ, ಸರಿ. ತಳ ಸೀದಿರೋದನ್ನ ಅದು ಹೇಗೆ ಹೇಳುತ್ತೆ?

ನಾವಿಬ್ಬರೂ ಕಾನ್ವೆಂಟಿನಲ್ಲಿ ಓದಿದವರು. ಕಾಂಪೌಂಡಿನೊಳಗೆ ಕನ್ನಡ ಮಾತಾಡಿದರೆ ಕತ್ತಿಗೆ ಹಲಗೆ ತಗುಲಿಸುತ್ತಿದ್ದ ಕಾಲ. ಹಾಗಾಗಿ ನಮಗೆ ಇಂಗ್ಲಿಷ್ ಎಂದರೆ ಹೊರಗಿನವರ ಜೊತೆ ಆಡುವ ಮಾತಾಯಿತು, ಕನ್ನಡ ಒಳಮನೆಯದಾಯಿತು. ಅಕ್ಕ ಬಾಗಿಲಿಗೆ ಬಂದವರನ್ನೆಲ್ಲ ‘ಪ್ಲೀಸ್ ಸಿಟ್ ಡೌನ್’ ಎಂದು ಕೂರಿಸುತ್ತಿದ್ದಳು, ಗ್ಯಾಸ್ ಸಿಲಿಂಡರಿನವನನ್ನೂ. ನನ್ನನ್ನು ಮಾತ್ರ ‘ಮರಿ’ ಅನ್ನುತ್ತಿದ್ದಳು. ನನ್ನಂಥ ಎಪ್ಪತ್ತು ದಾಟಿದ ಮುದುಕಿಯನ್ನು ತರಕಾರಿ ಗಾಡಿಯ ಮುಂದೆ ನಿಂತು ಮರೀ ಎಂದು ಕೂಗಿದರೆ ಪಕ್ಕದ ಪಿಜಿ ಹಾಸ್ಟೆಲಿನ ಹುಡುಗರು ತಿರುಗಿ ನೋಡಿ ನಗುತ್ತಿದ್ದರು.

ಮದುವೆ ಇಬ್ಬರಿಗೂ ಆಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸ್ಟೆನೋ ಆಗಿ ಸೇರಿ, ಅಲ್ಲೇ ರಿಟೈರ್ ಆದೆ. ಬಹಳ ವರ್ಷ ದಾಸರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದೆ. ಅಕ್ಕ ಸಿಂಗಸಂದ್ರದಲ್ಲಿ, ಸುತ್ತ ಇನ್ನೂ ರಾಗಿ ಹೊಲ ಇದ್ದಾಗ, ಒಂದು ಸೈಟು ಕೊಂಡು ಪುಟ್ಟ ಮನೆ ಕಟ್ಟಿದ್ದಳು. ಹೊಸೂರು ರಸ್ತೆಯ ಮೇಲೆ ಫ್ಲೈಓವರ್ ಬಂದು, ಎಡಕ್ಕೊಂದು ಪಿಜಿ, ಬಲಕ್ಕೊಂದು ಪಿಜಿ, ಹಿಂದುಗಡೆ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಸಾಲು ರೂಮುಗಳು ಎದ್ದು, ನಮ್ಮ ಮನೆ ಬಾವಿಯ ತಳದಂತಾದಾಗ ನಾನು ಬಂದು ಅವಳನ್ನು ಸೇರಿಕೊಂಡೆ. ಯಾವ ರೂಮು ಯಾರಿಗೆ ಎಂಬುದನ್ನೂ ಬೀಜ ಎತ್ತಿಯೇ ತೀರ್ಮಾನಿಸಿದೆವು. ಬಿಸಿಲು ಬರುವ ರೂಮು ನನಗೆ ಬಂತು. ನಿನ್ನ ಮಂಡಿ ನೋವಿಗೆ ಬಿಸಿಲು ಬೇಕು, ನೀನೇ ಇಟ್ಟುಕೋ ಎಂದೆ. ಅಕ್ಕ ಮುಖ ಗಂಟು ಹಾಕಿದಳು. ಒಮ್ಮೆ ಎತ್ತಿದ ಮೇಲೆ ಮುಗಿಯಿತು.

ಅವಳ ಮರೆವು ಯಾವಾಗ ಶುರುವಾಯಿತೋ ನನಗೆ ತಿಳಿಯದು. ನನಗೆ ತಿಳಿದದ್ದು ಮೊಸರಿನ ಪ್ಯಾಕೆಟ್ಟು ಪುಸ್ತಕದ ಕಪಾಟಿನಲ್ಲಿ ಸಿಕ್ಕ ದಿನ. ಅದಾದ ಮೇಲೆ ಒಂದೊಂದೇ. ಇಸ್ತ್ರಿ ಮಾಡಿದ ಸೀರೆಗೆ ಮತ್ತೆ ಇಸ್ತ್ರಿ. ನೆಂಟರ ಮದುವೆಯ ಒಂದೇ ಕಥೆ, ಅದೇ ಜಾಗದಲ್ಲಿ ಅದೇ ನಗು. ಒಂದು ದಿನ ಬಸ್ಸಿನಲ್ಲಿ ನಮ್ಮ ಸ್ಟಾಪ್ ದಾಟಿ ಎಲೆಕ್ಟ್ರಾನಿಕ್ ಸಿಟಿಯವರೆಗೆ ಹೋಗಿ, ಅಲ್ಲಿ ಐಡಿ ಕಾರ್ಡು ಹಾಕಿಕೊಂಡ ಆಫೀಸಿನ ಹುಡುಗರ ಮಧ್ಯೆ ನಿಂತುಬಿಟ್ಟಿದ್ದಳು. ಯಾರೋ ಹುಡುಗಿ ಅವಳ ಪರ್ಸಿನಲ್ಲಿದ್ದ ನನ್ನ ನಂಬರಿಗೆ ಫೋನ್ ಮಾಡಿದಳು. ಡಾಕ್ಟರ ಹೆಸರೆತ್ತಿದರೆ ಅಕ್ಕನಿಗೆ ಇಂಗ್ಲಿಷ್ ಬರುತ್ತಿತ್ತು. ಐ ಹ್ಯಾವ್ ರಿಟೈರ್ಡ್, ನಾಟ್ ಎಕ್ಸ್‌ಪೈರ್ಡ್. ಅಲ್ಲಿಗೆ ಮಾತು ಮುಗಿಯುತ್ತಿತ್ತು. ತಿಳಿದವರು ಯಾರಾದರೂ ಅವಳನ್ನು ಒಂದು ಸಲ ಕೂರಿಸಿ ನೋಡಲಿ ಎಂಬುದೊಂದೇ ಆಗ ನನಗಿದ್ದ ಆಸೆ. ನನ್ನ ಕೈಯಲ್ಲಿ ಅದು ಆಗುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಗೇಟಿನ ಚಿಲಕ ಸದ್ದಾಯಿತು. ಗದಗದ ಕಡೆಯ ಒಬ್ಬ ಹುಡುಗಿ, ಹೆಗಲಿಗೆ ಬ್ಯಾಗು, ಕೈಯಲ್ಲಿ ಟ್ಯಾಬು. ವಯಸ್ಸಾದವರ ನೆನಪಿನ ಶಕ್ತಿಯ ಬಗ್ಗೆ ಒಂದು ಅಧ್ಯಯನವಂತೆ. ಚಿಕ್ಕದೊಂದು ಪರೀಕ್ಷೆ, ಅದರಲ್ಲಿ ಏನಾದರೂ ಕಂಡರೆ ಕ್ಲಿನಿಕ್ಕಿನಲ್ಲಿ ಡಾಕ್ಟರು ಪೂರ್ತಿ ನೋಡುತ್ತಾರಂತೆ. ಅವಳ ಮಾತು ಮುಗಿಯುವ ಮೊದಲೇ ಬಾ ಒಳಗೆ ಎಂದು ಕರೆದಿದ್ದೆ. ನಾನು ಹುಡುಕಿಕೊಂಡು ಹೋಗಲಾರದ್ದು ತಾನಾಗಿ ಗೇಟಿಗೆ ಬಂದಿತ್ತು.

"ಅಮ್ಮಾರ, ನಿಮ್ಮ ಮನ್ಯಾಗ ಅರವತ್ತು ದಾಟಿದವ್ರು ಎಷ್ಟ್ ಮಂದಿ ಅದೀರಿ?" ಎಂದಳು.

ಇಬ್ಬರು ಎಂದೆ. ಹುಡುಗಿ ನಮ್ಮಿಬ್ಬರ ವಯಸ್ಸನ್ನು ಟ್ಯಾಬಿಗೆ ಹಾಕಿ ಒತ್ತಿದಳು. ಒಂದು ಮನೆಯಿಂದ ಒಬ್ಬರು ಮಾತ್ರ, ಯಾರೆಂದು ಟ್ಯಾಬೇ ಆರಿಸುತ್ತದೆ ಎಂದಳು. ಆರಿಸಿತು. ನನ್ನನ್ನು.

ನಾನು ಗೋಗರೆದೆ. ನನಗೆ ಬೇಡ, ಅವರನ್ನೇ ತಗೊಳ್ಳಮ್ಮ, ಹಿರಿಯರು, ಓದಿಕೊಂಡವರು ಎಂದೆಲ್ಲ ಏನೇನೋ ಹೇಳಿದೆ. ಹುಡುಗಿ ಟ್ಯಾಬನ್ನೂ ನನ್ನನ್ನೂ ನೋಡಿದಳು. "ಹಂಗ ಮಾಡಾಕ ಬರಂಗಿಲ್ರಿ," ಎಂದಳು, ಮೆಲ್ಲಗೆ.

"ಕ್ವೈಟ್ ರೈಟ್," ಎಂದಿತು ಒಳಗಿನ ದನಿ. ಅಕ್ಕ ಕನ್ನಡಕ ಏರಿಸಿಕೊಂಡು ಬಾಗಿಲಿಗೆ ಬಂದಿದ್ದಳು. "ನೋ ಸಬ್‌ಸ್ಟಿಟ್ಯೂಷನ್. ಪ್ಲೀಸ್ ಸಿಟ್ ಡೌನ್, ಮೈ ಡಿಯರ್. ಈ ಬೀದೀಲಿ ಯಾವ ಮನೆಯಿಂದ ಶುರು ಮಾಡಿದ್ರಿ?"

ಅವತ್ತಿನಷ್ಟು ಚೆನ್ನಾಗಿ ಅಕ್ಕ ಪಾಠ ಮಾಡಿದ್ದನ್ನು ನಾನು ಕಂಡಿಲ್ಲ. ಮ್ಯಾಪಿನಲ್ಲಿ ಬೀದಿಗಳನ್ನು ಚೀಟಿ ಎತ್ತಿ ಆರಿಸಿದ್ದು, ಮೂಲೆಯ ಮನೆಯಿಂದ ಶುರು ಮಾಡಿ ಬಲಗೈ ಕಡೆಗೇ ನಡೆಯುತ್ತ, ಇಂತಿಷ್ಟು ಮನೆ ಬಿಟ್ಟು ಒಂದು ಮನೆ ಹೊಕ್ಕದ್ದು, ಎಲ್ಲವನ್ನೂ ಹುಡುಗಿ ಹೇಳಿದಳು. ಅಕ್ಕ ಪ್ರತಿಯೊಂದಕ್ಕೂ ಪರೀಕ್ಷಕಳ ಹಾಗೆ ತಲೆದೂಗಿದಳು. ಪಾರ್ಕಿನಲ್ಲಿ ಕೂತ ಮುದುಕರನ್ನೇ ಹಿಡಿದು ಕೇಳಿದ್ದರೆ ಕೆಲಸ ಎಷ್ಟು ಸುಲಭ, ಆದರೆ ಪಾರ್ಕಿಗೆ ನಡೆದು ಬರಬಲ್ಲವರ ನೆನಪು ಚೆನ್ನಾಗಿಯೇ ಇರುತ್ತದೆ ಅಲ್ಲವೇ ಎಂದಳು. ಹುಡುಗಿ ನಕ್ಕಳು. ನಮ್ಮ ಸರ್ ಇದನ್ನ ಒಂದು ತಾಸು ಹೇಳಿದರು, ನೀವು ಒಂದೇ ಮಾತಿನಾಗ ಹೇಳಿದ್ರಿ ಎಂದಳು.

ಬೀಗ ಹಾಕಿದ ಮನೆ ಬಂದರೆ ಏನು ಮಾಡುತ್ತೀರಿ ಎಂದು ಅಕ್ಕ ಕೇಳಿದಳು. ಮತ್ತೆ ಬರಬೇಕು, ಮತ್ತೂ ಸಿಗದಿದ್ದರೆ ಇನ್ನೊಮ್ಮೆ ಬರಬೇಕು, ಪಕ್ಕದ ಮನೆಯವರನ್ನು ಹಿಡಿಯುವಂತಿಲ್ಲ ಎಂದಳು ಹುಡುಗಿ. ಅಕ್ಕನಿಗೆ ಆದ ಸಂತೋಷ ಹೇಳತೀರದು.

"ಗುಡ್ ಗರ್ಲ್. ಮನೇಲಿ ಇಲ್ಲದೇ ಇರೋರು ಮನೇಲಿ ಇರೋರ ಥರ ಅಲ್ಲ ಮಗೂ. ಕಾಯಬೇಕು. ಅವರ ಬದಲು ಇನ್ನೊಬ್ಬರನ್ನ ತಗೊಂಡ್ರೆ, ನಿಂಗೆ ನಂಬರ್ ಸಿಗುತ್ತೆ, ಆ ಮನುಷ್ಯ ಸಿಗಲ್ಲ."

ಹುಡುಗಿ ಅದನ್ನು ಬರೆದುಕೊಂಡಳು. ಅಕ್ಕ ಸೀರೆಯ ಸೆರಗು ಸರಿಮಾಡಿಕೊಂಡು, ತುಂಬ ಆಸಕ್ತಿಯಿಂದ ಮುಂದಕ್ಕೆ ಬಾಗಿ ಕೇಳಿದಳು: "ಅಂದ ಹಾಗೆ, ಈ ಬೀದೀಲಿ ಯಾವ ಮನೆಯಿಂದ ಶುರು ಮಾಡಿದ್ರಿ?"

ಹುಡುಗಿ ಮತ್ತೆ ಹೇಳಿದಳು. ಕಾಫಿ ಕುಡಿಯುವಾಗ ಅಕ್ಕ ಇನ್ನೊಮ್ಮೆ ಕೇಳಿದಳು. ಹುಡುಗಿ ಇನ್ನೊಮ್ಮೆ, ಮೊದಲ ಸಲ ಹೇಳುವಂತೆಯೇ, ಮೂಲೆಯ ಮನೆಯಿಂದ್ರಿ ಎಂದಳು. ಲೋಟ ಕೆಳಗಿಡುತ್ತ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ನನ್ನ ಪರೀಕ್ಷೆ ಅಲ್ಲೇ ವರಾಂಡದಲ್ಲಿ ಆಯಿತು. ಐದು ಪದ ಹೇಳಿ, ನಡುವೆ ಬೇರೆ ಏನೇನೋ ಕೇಳಿ, ಆಮೇಲೆ ಆ ಐದನ್ನೂ ಒಪ್ಪಿಸಲು ಹೇಳಿದಳು. ಕೊಡೆ, ಜೋಳ, ಮಲ್ಲಿಗೆ, ಗಡಿಯಾರ, ಕೆರೆ. ನಾನು ಒಪ್ಪಿಸಿದೆ. ನಾಚಿಕೆಯಾಗುವಷ್ಟು ಸರಾಗವಾಗಿ ಬಂದವು. ಅಕ್ಕ ಕಿಟಕಿಯ ಒಳಗೆ ನಿಂತು ಸೊಪ್ಪು ಬಿಡಿಸುತ್ತಿದ್ದಳು. ಅವಳ ತುಟಿ ಅಲುಗುತ್ತಿದ್ದುದು ಕಂಡಿತು.

ಸಂಜೆ ದೀಪ ಹಚ್ಚುವಾಗ ಕೇಳಿದಳು, "ಮರೀ, ಐದನೇದು ಏನು? ನಾಲ್ಕು ಬಂತು ನಂಗೆ."

ಕೆರೆ ಎಂದೆ. ಹಾಂ, ಕೆರೆ ಎಂದಳು. ಉಳಿದ ನಾಲ್ಕು ಯಾವುವು ಎಂದು ನಾನು ಕೇಳಲಿಲ್ಲ.

ಮರುದಿನ ಹಾಲಿನಾಕೆ ಜಗಳಕ್ಕೇ ಬಂದಳು. ಅವರದು ಸಿಂಗಸಂದ್ರದ ಹಳೆಯ ಮನೆತನ. ಹೊಲವೆಲ್ಲ ಹೋಗಿ ಬಾಡಿಗೆ ಮನೆಗಳಾದರೂ ಎರಡು ಹಸು ಇಟ್ಟುಕೊಂಡಿದ್ದಾರೆ. "ಇದೇನಮ್ಮ, ಆ ಹುಡ್ಗಿ ನಮ್ಮನೆ ದಾಟ್ಕಂಡು ನಿಮ್ಮನೇಗೆ ಬಂದ್ಬುಡ್ತು. ನಮ್ಮತ್ತೆಗೇನ್ ಮರೆವು ಇಲ್ವಾ? ಉಂಡಿದ್ದು ಮರ್ತೋಯ್ತಾಳೆ, ನನ್ನ ಬಯ್ಯೋದು ಮಾತ್ರ ಒಂದಿನಾನೂ ಮರೆಯಾಕಿಲ್ಲ." ಅಕ್ಕ ಅವಳಿಗೂ ಬಲಗೈ ಲೆಕ್ಕ ವಿವರಿಸಿದಳು. ಅಂಗಾರೆ ಎಡಗೈ ಕಡೆಯೋರು ಏನ್ ಪಾಪ ಮಾಡವ್ರೆ ಎಂದು ಗೊಣಗುತ್ತ ಹಾಲಿನಾಕೆ ಹೋದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆ ಬೆಳಗು ನನಗೆ ಇನ್ನೂ ಬೇಕು.

ಹುಡುಗಿ ಸ್ವಲ್ಪ ದಿನಕ್ಕೆ ಮತ್ತೆ ಬಂದಳು. ಅಧ್ಯಯನದಲ್ಲಿ ಎರಡನೆಯ ಒಂದು ಭಾಗವಿತ್ತು. ಮರೆವು ಈಗಾಗಲೇ ಶುರುವಾದವರ ಒಂದು ಗುಂಪು ಬೇಕು, ಅಂಥವರು ಮನೆ ಮನೆ ಸುತ್ತಿದರೆ ಬೇಗ ಸಿಗುವುದಿಲ್ಲ, ಅದಕ್ಕೆ ಈಗಾಗಲೇ ಸೇರಿದವರನ್ನು ‘ನಿಮಗೆ ತಿಳಿದವರು ಯಾರಾದರೂ ಇದ್ದಾರಾ’ ಎಂದು ಕೇಳುವುದು, ಅವರು ಇನ್ನೊಬ್ಬರನ್ನು ತೋರಿಸುವುದು, ಹೀಗೆ. ಸ್ನೋಬಾಲ್ ಅಂತಾರಲ್ಲ ಅದು ಎಂದು ಅಕ್ಕ ಮೂಗು ಮುರಿದಳು. ದಟ್ ಈಸ್ ನಾಟ್ ಎ ಸ್ಯಾಂಪಲ್, ದಟ್ ಈಸ್ ಗಾಸಿಪ್ ಎಂದಳು. ಹುಡುಗಿ ನಕ್ಕು, ಮಂದಿ ಬಾಯಿಗೆ ಬೀಳದೆ ಈ ರೋಗದವ್ರು ಎಲ್ಲಿ ಸಿಗತಾರ್ರಿ ಎಂದಳು. ಅಕ್ಕ ಲೋಟಗಳನ್ನು ಎತ್ತಿಕೊಂಡಳು. ಎದ್ದು ಒಳಗೆ ಹೋದಳು.

ಗೇಟಿನವರೆಗೆ ನಾನು ಹುಡುಗಿಯ ಜೊತೆ ಹೋದೆ. ಪಕ್ಕದ ಪಿಜಿಯ ಮುಂದೆ ಹುಡುಗರು ಬೈಕು ಸ್ಟಾರ್ಟ್ ಮಾಡುತ್ತಿದ್ದರು. ಆ ಗದ್ದಲ ಒಂದು ರೀತಿ ಒಳ್ಳೆಯದಾಯಿತು.

"ನಂಗೆ ತಿಳಿದವರು ಒಬ್ಬರಿದ್ದಾರೆ," ಎಂದೆ. ಮನೆಯ ಬಾಗಿಲಿನ ಕಡೆ ತಿರುಗಿ ನೋಡಿದೆ.

"ಗೊತ್ರಿ ಅಮ್ಮಾರ," ಎಂದಳು ಹುಡುಗಿ. "ಆದ್ರ ಅವ್ರು ತಾವಾಗೇ ಒಪ್ಪಬೇಕ್ರಿ. ನೀವು ಒಪ್ಪಿದ್ರ ನಡೆಯಂಗಿಲ್ಲ."

ಮೂರನೆಯ ದಿನ ಬೆಳಗ್ಗೆ ಅಕ್ಕನಿಗೆ ಎಲ್ಲ ಹೇಳಿದೆ. ಇಂಗ್ಲಿಷಿನಲ್ಲಿ ಬೈಯುತ್ತಾಳೆ ಎಂದು ಕಾದೆ. ಅಕ್ಕ ಬೈಯಲಿಲ್ಲ. ಕೈಯ ಬಳೆ ತಿರುಗಿಸುತ್ತ ಕೇಳಿಸಿಕೊಂಡಳು. ನಂತರ ತನ್ನ ರೂಮಿಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು, ಇಸ್ತ್ರಿ ಪೆಟ್ಟಿಗೆ ಇಟ್ಟ ಸದ್ದೂ ಕೇಳಿಸಿತು. ಮತ್ತೆ ಅದೇ ಸೀರೆಗೆ ಇಸ್ತ್ರಿ ಎಂದುಕೊಂಡೆ. ಈಚೆ ಬಂದಾಗ ಕೈಯಲ್ಲಿ ಬಿಸ್ಕತ್ತಿನ ಡಬ್ಬವಿತ್ತು.

"ಹೀಗೆ ಹೆಸರು ಹೇಳಿ ಸೇರಿಸ್ಕೊಳ್ಳೋದು ನಂಗೆ ಬೇಡ ಮರಿ. ಲಾಟ್ ಹಾಕೋಣ. ಬಿಳಿ ಬಂದ್ರೆ ಹೋಗ್ತೀನಿ. ಕಪ್ಪು ಬಂದ್ರೆ ನೀನು ಈ ವಿಷಯ ಮತ್ತೆ ಎತ್ತಬಾರದು."

ಬೀಜಗಳನ್ನೆಲ್ಲ ತಟ್ಟೆಗೆ ಸುರಿದು, ಒಂದು ಬಿಳಿ, ಒಂದು ಕಪ್ಪು, ಎರಡೇ ಬೀಜ ಡಬ್ಬಕ್ಕೆ ಹಾಕಿದಳು. ಮುಚ್ಚಳ ಹಾಕಿ ಅಲುಗಾಡಿಸಿದಳು. ಎರಡೇ ಬೀಜದ ಸದ್ದು ಎಷ್ಟು ಬಡವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸದ್ದು ನಿಲ್ಲುವವರೆಗೆ ಕಾದಳು. ಕಣ್ಣು ಮುಚ್ಚಿ ಕೈ ಹಾಕಿದಳು. ಎತ್ತಿಕೊಂಡ ಬೀಜವನ್ನು ಕಿಟಕಿಯ ಕಡೆ ತಿರುಗಿ ನೋಡಿ, ಮುಷ್ಟಿ ಮುಚ್ಚಿದಳು.

"ಬಿಳಿ," ಎಂದಳು. "ಆಟೋಗೆ ಹೇಳು."

ಸೀರೆ ಉಡಲು ಒಳಗೆ ಹೋದಳು. ನಾನು ಡಬ್ಬ ಎತ್ತಿಡಲು ಹೋದೆ. ಒಳಗೆ ಒಂದೇ ಬೀಜ ಉಳಿದಿತ್ತು, ಬಿಳಿಯದು.

ಮೊದಲು ಅನ್ನಿಸಿದ್ದು, ಅಯ್ಯೋ, ಬಣ್ಣವೂ ತಿಳಿಯದಾಯಿತೇ ಅಂತ. ಆಟೋಗೆ ಫೋನ್ ಮಾಡಿದೆ ಎಂದು ಹೇಳಲು ರೂಮಿನ ಬಾಗಿಲಿಗೆ ಹೋದೆ. ಮಂಚದ ಮೇಲೆ ಇಸ್ತ್ರಿಯಾದ ಬೂದು ಬಣ್ಣದ ರೇಷ್ಮೆ ಸೀರೆ, ಅದರ ಪಕ್ಕ ಪರ್ಸು, ಕನ್ನಡಕದ ಪೆಟ್ಟಿಗೆ, ಆಧಾರ್ ಕಾರ್ಡು, ಎಲ್ಲ ಒಪ್ಪವಾಗಿ ಜೋಡಿಸಿಟ್ಟಿತ್ತು. ಡಬ್ಬ ತರುವ ಮೊದಲೇ ಅವಳು ಹೊರಡಲು ಸಿದ್ಧಳಾಗಿದ್ದಳು. ಎಲ್ಲ ಬೀಜಕ್ಕೂ ವಾರ್ನಿಷ್ ಹಚ್ಚಿದ ನನ್ನ ಅಕ್ಕ, ಬಿಸಿಲಿನ ರೂಮನ್ನು ಬದಲಿಸಲು ಒಪ್ಪದ ನನ್ನ ಅಕ್ಕ, ಅವತ್ತು ಒಂದು ಬೀಜದ ಬಣ್ಣದ ಬಗ್ಗೆ ಸುಳ್ಳು ಹೇಳಿದ್ದಳು. ತನಗೇನಾಗುತ್ತಿದೆ ಎಂಬುದು ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು.

ನಾನು ಡಬ್ಬದ ಮುಚ್ಚಳ ಹಾಕಿ ಕಪಾಟಿಗೆ ಸೇರಿಸಿದೆ. ಆಟೋದಲ್ಲಿ ಅವಳ ಬಲಗೈ ಮುಚ್ಚಿಯೇ ಇತ್ತು. ಕ್ಲಿನಿಕ್ಕಿನಲ್ಲಿ ಡಾಕ್ಟರು ಗಡಿಯಾರ ಬರೆಯಲು ಪೆನ್ಸಿಲ್ ಕೊಟ್ಟಾಗ ಬೀಜವನ್ನು ಎಡಗೈಗೆ ಬದಲಿಸಿಕೊಂಡಳು. ದುಂಡಗೆ ಒಂದು ವೃತ್ತ ಬರೆದಳು, ಕಂಪಾಸಿನಲ್ಲಿ ಬರೆದ ಹಾಗೆ. ಅಂಕಿಗಳೆಲ್ಲ ಬಲಗಡೆ ಒಂದರ ಮೇಲೊಂದು ಬಿದ್ದವು. ಎಡಗಡೆ ಖಾಲಿ. ಅದನ್ನೇ ನೋಡುತ್ತ ಕೂತಳು. ‘ಐ ಸೀ’ ಎಂದಳು, ವಿದ್ಯಾರ್ಥಿನಿಯೊಬ್ಬಳ ಉತ್ತರಪತ್ರಿಕೆ ನೋಡಿದ ಹಾಗೆ.

ಆಮೇಲಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಮಾತ್ರೆ ಕೊಟ್ಟರು. ಅದು ರೋಗವನ್ನು ಸ್ವಲ್ಪ ನಿಧಾನ ಮಾಡುತ್ತದೆ, ಹಿಂದಕ್ಕೆ ಕಳಿಸುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಗದಗದ ಹುಡುಗಿ ಕೆಲಸ ಮುಗಿದ ಮೇಲೂ ಕೆಲವು ಭಾನುವಾರ ಬಂದು ಅಕ್ಕನ ಪಕ್ಕ ಕೂತು ಹೋಗುತ್ತಿದ್ದಳು. ಬಂದಾಗಲೆಲ್ಲ ಮೂಲೆಯ ಮನೆಯಿಂದ್ರಿ ಎಂದು ಹೇಳುತ್ತಿದ್ದಳು. ಆಮೇಲೆ ಅವಳಿಗೆ ಧಾರವಾಡದಲ್ಲಿ ಕೆಲಸ ಸಿಕ್ಕಿತು. ಅಕ್ಕ ಮೊದಲು ವಾರಗಳ ಹೆಸರನ್ನು ಮರೆತಳು, ಆಮೇಲೆ ರುಚಿಗಳನ್ನು, ಆಮೇಲೆ ಮನೆಯ ದಾರಿಯನ್ನು. ಡಬ್ಬ ಅಲುಗಾಡಿಸಿದರೆ ಮಾತ್ರ ತಲೆ ವಾಲಿಸಿ, ಸದ್ದು ನಿಲ್ಲುವವರೆಗೂ ಕಾಯುತ್ತಿದ್ದಳು. ನನ್ನನ್ನು ಮರಿ ಎಂದು ಕೊನೆಯ ಸಲ ಕರೆದದ್ದು ಯಾವತ್ತೋ, ಗುರುತಿಟ್ಟುಕೊಳ್ಳಬೇಕೆಂದು ಆಗ ಹೊಳೆಯಲಿಲ್ಲ.

ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ಹೊಸೂರು ರಸ್ತೆಯ ಮೇಲಿನ ಆಸ್ಪತ್ರೆಗೆ ಸೇರಿಸಿದೆ. ಆಪರೇಷನ್ ಚೆನ್ನಾಗಿಯೇ ಆಯಿತು ಎಂದರು, ಆಮೇಲೆ ಎದೆಯಲ್ಲಿ ಕಫ ಕಟ್ಟಿಕೊಂಡಿತು. ಸಂಜೆಯ ವಿಸಿಟಿಂಗ್ ಅವರ್‌ನಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಬರಲು ಇದ್ದದ್ದೂ ಒಬ್ಬಳೇ.

ಆ ಸಂಜೆ ಅವಳು ದಿಂಬಿಗೆ ಒರಗಿ ಕೂತಿದ್ದಳು. ಯಾರೋ ನರ್ಸ್ ಜಡೆ ಹೆಣೆದಿದ್ದರು. ಮುಖ ತಿಳಿಯಾಗಿತ್ತು. ನನ್ನನ್ನು ಕಂಡು ನಕ್ಕಳು. ಗುರುತು ಸಿಕ್ಕಿತು ಎಂದುಕೊಂಡು ನಾನು ಹತ್ತಿರ ಹೋದೆ.

"ಪ್ಲೀಸ್ ಸಿಟ್ ಡೌನ್," ಎಂದಳು.

ನಾನು ಸ್ಟೂಲಿನ ಮೇಲೆ ಕೂತೆ. ನನ್ನ ಹೆಗಲಿನ ಬ್ಯಾಗು ನೋಡಿದಳು. ಸರ್ವೆಗೆ ಬಂದಿದ್ದೀರಾ ಎಂದಳು. ಹೂಂ ಎಂದೆ. ಬೇರೆ ಏನು ಹೇಳಲಿ.

"ನಮ್ಮನೇಲಿ ಇಬ್ಬರಿದ್ದೀವಿ. ಆರಿಸಿರೋದು ನನ್ನ ತಂಗೀನ. ನನ್ನ ಅಲ್ಲ." ಉಸಿರಿಗಾಗಿ ಸ್ವಲ್ಪ ನಿಂತಳು. "ಅವಳು ಈಗ ಮನೇಲಿಲ್ಲ. ಎಲ್ಲಿ ಹೋದ್ಲೋ ಗೊತ್ತಿಲ್ಲ, ಇಷ್ಟು ಹೊತ್ತು ಮಾಡೋಳಲ್ಲ."

ಅವಳ ಕೈ ಹಿಡಿದುಕೊಂಡೆ. ಪರಿಚಯವಿಲ್ಲದವರು ಕೈ ಹಿಡಿದರೆ ಹೇಗೋ ಹಾಗೆ ಮರ್ಯಾದೆಗೆಂದು ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಮೆಲ್ಲಗೆ ಬಿಡಿಸಿಕೊಂಡಳು.

"ಇನ್ನೊಂದ್ಸಲ ಬನ್ನಿ," ಎಂದಳು. "ಅವಳ ಬದಲು ಬೇರೆ ಯಾರನ್ನೂ ತಗೋಬೇಡಿ."

ತಗೊಳ್ಳೋದಿಲ್ಲ ಎಂದೆ. ಟೈಮ್ ಆಯಿತು ಎಂದು ವಾರ್ಡಿನ ಆಯಾ ಪರದೆ ಸರಿಸಿದಳು. ಬಾಗಿಲಲ್ಲಿ ತಿರುಗಿ ನೋಡಿದೆ. ಅಕ್ಕ ನನ್ನನ್ನು ದಾಟಿ, ನನ್ನ ಹಿಂದಿನ ಕಾರಿಡಾರಿನ ಕಡೆ ಕತ್ತು ನೀಡಿ ನೋಡುತ್ತಿದ್ದಳು, ನಾನು ಬಂದೆನೇನೋ ಎಂದು.